ಗ್ಲಾಸ್ಗೋಗೆ ಬೆಂಗಳೂರು ಯಾಕೆ ಬೇಕಿತ್ತು?

ಕುಪ್ಪಗಡ್ಡೆಯಲ್ಲಿ ಬಸ್ಸಿಗೆ ಕಾಯ್ತಾ ಇಯರ್‌ಫೋನ್ ಹಾಕ್ಕೊಂಡಿರೋ ಗೆಳೆಯರೇ, 2017ರ ಮೇ 14ರಂದು ಆಸ್ಟ್ರೇಲಿಯಾದ ಪೋರ್ಟ್ ಅಡಿಲೇಡ್ ಕ್ಲಬ್ ಚೀನಾದ ಮಾರುಕಟ್ಟೆ ಹಿಡಿಯೋಕೆ ತನ್ನ ಲೀಗ್ ಪಂದ್ಯವನ್ನೇ ಶಾಂಘೈಗೆ ಹೊತ್ತೊಯ್ದಿತ್ತು. ಗೋಲ್ಡ್ ಕೋಸ್ಟ್ ಸನ್ಸ್ ವಿರುದ್ಧ 72 ಅಂಕಗಳಿಂದ ಗೆದ್ದಿತು ಕೂಡ. ಆದ್ರೆ ಅಲ್ಲಿನ ಬಹುತೇಕರಿಗೆ ಆ ಆಟವೇ ಹೊಸದು. 2020ರಲ್ಲಿ ಕೊರೊನಾ ಬಂತು, ಪಂದ್ಯ ನಿಂತೇ ಹೋಯ್ತು.

ಸ್ಕಾಟ್ಲೆಂಡಿನ ರೇಂಜರ್ಸ್ 2019ರಲ್ಲಿ ಬೇರೆ ದಾರಿ ಹಿಡೀತು. ಪಂದ್ಯ ತರಲಿಲ್ಲ, ನಮ್ಮ ಬೆಂಗಳೂರು ಎಫ್‌ಸಿ ಜೊತೆ ಒಪ್ಪಂದ ಮಾಡ್ಕೊಂಡಿತು. 1872ರ ಅಜ್ಜನಿಗೆ 2013ರಲ್ಲಿ ಹುಟ್ಟಿದ ಕೂಸಿನ ಸ್ನೇಹ! ಕಣ್ಣಿದ್ದಿದ್ದು ಭಾರತದ ಅಭಿಮಾನಿಗಳ ಮೇಲೇ ಅನ್ನಿ. ಆದ್ರೆ ನನ್ನ ಪ್ರಕಾರ ನಿಜವಾದ ಲಾಭ ಆಗಿದ್ದು ಮಣಿಪುರದ ಬಾಲಾ ದೇವಿಗೆ. ಗ್ಲಾಸ್ಗೋದಲ್ಲಿ ಟ್ರಯಲ್ಸ್ ಕೊಟ್ಟು, 2020ರ ಜನವರಿಯಲ್ಲಿ ರೇಂಜರ್ಸ್ ಮಹಿಳಾ ತಂಡದ ವೃತ್ತಿಪರ ಕರಾರಿಗೆ ಸಹಿ ಹಾಕಿದ್ರು. ಅದೇ ವರ್ಷ ಡಿಸೆಂಬರಲ್ಲಿ ಮದರ್‌ವೆಲ್ ವಿರುದ್ಧ ಗೋಲೂ ಹೊಡೆದ್ರು.