ನೋಡಿ ಬರೆ, ಕೇಳಿ ಬರೆ: ರಾಮನಗರ ಸೀಮೆಯ ಅಕ್ಷರಾಭ್ಯಾಸದ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಹೆಸರುಗಳನ್ನು ಆ ಸೀಮೆಯವರು ಆಡುವಂತೆಯೇ ಬರೆದರೆ ಮೂರು ತಪ್ಪಾಗುತ್ತವೆ: ರಾಮ್‌ನಗರ, ಚನ್ನಪಟ್ನ, ಕನಕ್‌ಪುರ. ಮಾಗಡಿಯೊಂದೇ ಉಳಿಯುತ್ತದೆ. ಕನ್ನಡವನ್ನು ಆಡಿದಂತೆ ಬರೆಯಬಹುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಹಾವು ‘ಆವು’ ಆಗಿ, ಹಳ್ಳಿ ‘ಅಳ್ಳಿ’ ಆಗಿ, ಭಾಷೆ ‘ಬಾಸೆ’ ಆಗಿ ಕಿವಿಗೆ ಬೀಳುವ ಮನೆಯ ಮಗುವಿಗೆ ಉಕ್ತಲೇಖನವೆಂದರೆ ಮನೆಮಾತಿನಿಂದ ಪುಸ್ತಕದ ಮಾತಿಗೆ ಹೊಳೆ ದಾಟಿದಂತೆ. ಕೇಳಿ ಬರೆಯುವ ಮೊದಲು ನೋಡಿ ಬರೆದು ಕೈ ಪಳಗಬೇಕಾದದ್ದು ಇದಕ್ಕೇ.

ನಮ್ಮ ಹಿರಿಯರು ಈ ಕೆಲಸಕ್ಕೆ ಇಟ್ಟ ಹೆಸರು ‘ತಿದ್ದುವುದು’. ದೊಡ್ಡವರು ಬರೆದ ಅಕ್ಷರದ ಮೇಲೆ ಮಗು ಬೆರಳಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ.

ಊರಿನ ಹಳೆಯ ಶಾಲೆಯಾದ ಕೂಲಿಮಠದಲ್ಲಿ ಅಕ್ಷರಾಭ್ಯಾಸ ಹೇಗೆ ನಡೆಯುತ್ತಿತ್ತು ಎಂಬುದರ ವಿವರವಾದ ಚಿತ್ರ ದೊರೆಯುವುದು ಬಳ್ಳಾರಿಯಿಂದ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸಲ್ಲಿಸಿದ ವರದಿಯಲ್ಲಿ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿಂದ ಬರೆಯುತ್ತಿದ್ದರು. ಕೈ ಕುದುರಿದ ಮೇಲೆ ಇದ್ದಿಲು ಬಳಿದ ಹಲಗೆ, ಇಲ್ಲವೇ ಬಟ್ಟೆಯ ಕಡತ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಬರೆಯಬಹುದಿತ್ತು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ, ಮೂರನೆಯವನಿಂದ ಏಟು ಶುರು! ಆ ಏಟನ್ನು ಇಂದು ಯಾರೂ ಒಪ್ಪಲಾರರು. ಅಂಗೈಯ ಸರಸ್ವತಿ ಮಾತ್ರ ಮನಸ್ಸಿನಲ್ಲಿ ಉಳಿಯುತ್ತಾಳೆ.

ಕಡತದ ವಿಷಯದಲ್ಲಿ ಮೈಸೂರು ಸೀಮೆಯ ಸಾಕ್ಷಿಯೇ ಇದೆ. ಇಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಮೈಸೂರು ಇತಿಹಾಸದಲ್ಲಿ ಅದನ್ನು ಬಣ್ಣಿಸಿದ್ದಾನೆ: 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಬದಿ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಪುಸ್ತಕದಂತೆ ಮಡಚಿ, ತುದಿಗಳಿಗೆ ಮರದ ರಟ್ಟು ಕಟ್ಟುತ್ತಿದ್ದರು. ಬರೆಯುವುದು ಬಳಪದಿಂದ. ತಾಲ್ಲೂಕು ಕಚೇರಿಯ ಫೈಲನ್ನು ಇವತ್ತಿಗೂ ಕಡತವೆಂದೇ ಕರೆಯುತ್ತೇವೆ.

ಮರಳಿನಲ್ಲಿ ಬರೆಯುವ ರೂಢಿ ದೂರದವರೆಗೂ ಹೋಯಿತು. ಮದರಾಸಿನ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ನಾಡಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕ ಅಚ್ಚಾಯಿತು. ಅದೇ ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ ಮನೆಪಾಠದ ಬಗ್ಗೆ ಬರೆದ ‘ಹೋಮ್ ಎಜುಕೇಷನ್’ (ಮೊದಲ ಮುದ್ರಣ 1886) ಕೃತಿಯಲ್ಲಿ, ಕಣ್ಣು ಮುಚ್ಚಿದರೂ ಪದ ಕಾಣುವಷ್ಟು ನೋಡಿಕೊಂಡ ಮೇಲೆಯೇ ಮಗುವಿಗೆ ಉಕ್ತಲೇಖನ ಕೊಡಬೇಕು ಎಂದಳು. ನೋಡದ ಪದವನ್ನು ಬರೆಸಿ ತಪ್ಪು ಎಣಿಸುವ ಇಂದಿನ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು.

ರಾಮನಗರ ಇನ್ನೂ ಕ್ಲೋಸ್‌ಪೇಟೆಯೂ ಕನಕಪುರ ಕಾನಕಾನಹಳ್ಳಿಯೂ ಆಗಿದ್ದ ಕಾಲದಲ್ಲಿ, 1868ರಲ್ಲಿ, ಮೈಸೂರು ಸೀಮೆಗೆ ಶಿಕ್ಷಣ ಇಲಾಖೆಯ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು. ಬಹುಕಾಲದ ಮೇಲೆ, ಎಚ್. ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಎಂಬ ಕಲಿಕಾ ಪದ್ಧತಿ ವರ್ಣಮಾಲೆಯ ಕ್ರಮವನ್ನೇ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಕಲಿಸುವ ಕ್ರಮ ಬದಲಾಯಿತು, ಆದರೆ ತಿದ್ದುವ ಕೆಲಸ ನಿಲ್ಲಲಿಲ್ಲ.

ಚನ್ನಪಟ್ಟಣ, ರಾಮನಗರಗಳ ಉರ್ದು ಮನೆಮಾತಿನ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಉರ್ದುವಿನಲ್ಲಿ ಉಕ್ತಲೇಖನಕ್ಕೆ ಇಮ್ಲಾ ಎನ್ನುತ್ತಾರೆ, ಬರೆದು ಅಳಿಸುವ ಹಲಗೆಗೆ ತಖ್ತಿ. ‘ಸ’ ಎಂಬ ಒಂದೇ ದನಿಗೆ ಆ ಲಿಪಿಯಲ್ಲಿ ಸೆ, ಸೀನ್, ಸ್ವಾದ್ ಎಂಬ ಮೂರು ಅಕ್ಷರಗಳಿವೆ. ಯಾವುದನ್ನು ಎಲ್ಲಿ ಬರೆಯಬೇಕೆಂದು ಬರಿಯ ಕಿವಿ ಹೇಳಲಾರದು.

2020ರಲ್ಲಿ ಕೊರೋನಾ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಪಾಠ ಮತ್ತೆ ಊರೊಳಗೆ ಬಂತು. ಆಗಸ್ಟ್‌ನಲ್ಲಿ ಶುರುವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಕಲಿಸಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು, ಮತ್ತೆ ಆರಂಭವಾದದ್ದು 2021ರ ಜನವರಿಯಲ್ಲಿ. ನಡುವಿನ ತಿಂಗಳುಗಳಲ್ಲಿ ಕಾಪಿ ಬರೆಸಲು, ಉಕ್ತಲೇಖನ ಕೊಡಲು ಮನೆಯವರೇ ಆಗಬೇಕಿತ್ತು. ಅವ್ವ ‘ಆವು’ ಎಂದು ಹೇಳಿದರೂ ಮಗು ‘ಹಾವು’ ಎಂದೇ ಬರೆಯಬೇಕಾದರೆ, ಹಿಂದಿನ ದಿನವೇ ಆ ಪದ ಕಾಪಿ ಪುಸ್ತಕದ ಗೆರೆಗಳ ನಡುವೆ ನಾಲ್ಕು ಸಲ ಮೂಡಿರಬೇಕು.