ತಟ್ಟೆಯ ಫೋಟೋ ಇದೆ, ಹೋಟೆಲಿನ ಫೋಟೋ ಎಲ್ಲಿದೆ?

ಕೆಲವು ವರ್ಷಗಳ ಹಿಂದಿನ ಮಾತು. ಕೆಂಗೇರಿ ಕಡೆಯ ಒಂದು ಚಿಕ್ಕ ಹೋಟೆಲಿನ ಬಗ್ಗೆ ಬರೆಯಲು ಹೋಗಿದ್ದೆವು. ಬೆಳಗ್ಗೆ ಏಳಕ್ಕೆ ಹೋದವರು ಒಂಬತ್ತರವರೆಗೂ ಅಲ್ಲೇ ಇದ್ದೆವು. ತಟ್ಟೆ ಇಡ್ಲಿ, ಉದ್ದಿನ ವಡೆ, ಖಾಲಿ ದೋಸೆ, ಕಾಫಿ, ಎಲ್ಲದರ ಫೋಟೋ ತೆಗೆದೆವು. ಹಿಂದಿನ ಜನ, ಗೋಡೆಯ ಕ್ಯಾಲೆಂಡರ್, ಮಸಿ ಹಿಡಿದ ಟ್ಯೂಬ್‌ಲೈಟ್ ಯಾವುದೂ ಫೋಟೋದಲ್ಲಿ ಬರಬಾರದೆಂದು ತಟ್ಟೆಗೆ ಹತ್ತಿರ ಹತ್ತಿರ ಹೋಗಿ ತೆಗೆದೆವು. ಫೋಟೋಗಳು ಚೆನ್ನಾಗಿ ಬಂದವು. ಲೇಖನವೂ ಬಂತು.

ಆಮೇಲೆ ಹೋಟೆಲಿನ ಯಜಮಾನರು ತೀರಿಕೊಂಡರು. ಕಟ್ಟಡದವರು ಜಾಗ ಬಿಡಿಸಿಕೊಂಡು ಅಲ್ಲಿ ಕಾಂಪ್ಲೆಕ್ಸ್ ಕಟ್ಟಿದರು. ಒಂದು ದಿನ ಅವರ ಮಗ ನಮಗೆ ಫೋನ್ ಮಾಡಿದ. "ಸಾರ್, ಅಪ್ಪ ಗಲ್ಲಾದಲ್ಲಿ ಕೂತಿರೋ ಫೋಟೋ ಏನಾದ್ರೂ ಇದೆಯಾ? ಮದುವೆ ಮನೆಯಲ್ಲಿ ತೆಗೆಸಿದ್ದು ಬಿಟ್ಟರೆ ನಮ್ಮ ಹತ್ತಿರ ಬೇರೆ ಇಲ್ಲ" ಎಂದ.

ಎಲ್ಲ ಫೋಟೋ ತೆರೆದು ನೋಡಿದೆವು. ಇಡ್ಲಿಯ ಫೋಟೋ ಹನ್ನೊಂದು, ವಡೆಯದು ಒಂಬತ್ತು. ಕಾಫಿ ಲೋಟದ ಒಂದು ಫೋಟೋದಲ್ಲಿ, ಮೂಲೆಯಲ್ಲಿ, ಅವರ ಬಿಳಿ ಅಂಗಿಯ ತೋಳು ಮಾತ್ರ ಇತ್ತು. ಅದನ್ನೇ ಕಳಿಸಿದೆವು. ಬೇರೇನು ಮಾಡುವುದು?

ಆ ದಿನದಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಇಷ್ಟು ಊಟದ ಫೋಟೋ ತೆಗೆಯುವ ನಮ್ಮ ಕಾಲದಲ್ಲಿ, ಊಟ ಹಾಕಿದ ಜಾಗದ ಫೋಟೋ ಯಾಕೆ ಉಳಿಯುತ್ತಿಲ್ಲ?

ರೋಲಿನ ಕಾಲ

ಊಟದ ಫೋಟೋ ಹೊಸದೇನಲ್ಲ. ಫೋಟೋಗ್ರಫಿ ಹುಟ್ಟಿದ ಕಾಲದಲ್ಲೇ ಫ್ರಾನ್ಸಿನ ನಿಯೆಪ್ಸ್ ಎಂಬಾತ ಊಟಕ್ಕೆ ಅಣಿ ಮಾಡಿದ ಮೇಜಿನ ಚಿತ್ರ ತೆಗೆದಿದ್ದ. ಬಟ್ಟೆ ಹಾಸಿದ ಮೇಜು, ಬಟ್ಟಲು, ಬಾಟಲಿ, ಚಾಕು. ಅದರ ಮೂಲ ಪ್ರತಿ ಇವತ್ತು ಇಲ್ಲ, ಮುದ್ರಿಸಿದ ನಕಲು ಮಾತ್ರ ಉಳಿದಿದೆ. ಅದು ಯಾರ ಮನೆಯ ಮೇಜು, ಉಣ್ಣಲು ಕೂರಬೇಕಿದ್ದವರು ಯಾರು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ನಮ್ಮ ಕಡೆ ಫೋಟೋ ಎಂದರೆ ಖರ್ಚಿನ ಬಾಬತ್ತು. ಮಧ್ಯಮ ವರ್ಗದ ಮನೆಗಳಿಗೆ ಬಂದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ಆಮೇಲೆ ಬಂದ 35 ಮಿ.ಮೀ. ರೋಲಿನಲ್ಲಿ 36. ತೆಗೆಯುವ ಮೊದಲು ಲೆಕ್ಕ ಹಾಕಬೇಕಿತ್ತು. ಮಗುವಿನ ನಾಮಕರಣಕ್ಕೆ ಎರಡು, ಅಜ್ಜಿಯದು ಒಂದು, ಜಾತ್ರೆಯದು ಮೂರು. ಅಂಥದ್ದರಲ್ಲಿ ಮಸಾಲೆ ದೋಸೆಗೆ ಒಂದು ಫೋಟೋ ಖರ್ಚು ಮಾಡುವವರು ಯಾರು?

ಇನ್ನೊಂದು ಕಷ್ಟ ಬೆಳಕಿನದು. ಹೋಟೆಲಿನ ಒಳಗೆ ಒಂದೆರಡು ಬಲ್ಬು, ಅಡುಗೆಮನೆಯ ಹೊಗೆ, ಇಡ್ಲಿ ಪಾತ್ರೆಯ ಆವಿ. ಅಷ್ಟು ಮಬ್ಬಿನಲ್ಲಿ ಆಗಿನ ರೋಲಿಗೆ ಚಿತ್ರ ಹಿಡಿಯುವುದು ಕಷ್ಟ. ಫ್ಲಾಶ್ ಹೊಡೆದರೆ ಎದುರಿಗಿದ್ದ ಮುಖ ಬಿಳುಚಿಕೊಂಡು ಹಿಂದಿನದೆಲ್ಲ ಕಪ್ಪಾಗುತ್ತಿತ್ತು. ಹಾಗಾಗಿ ಹಳೆಯ ಹೋಟೆಲುಗಳಲ್ಲಿ ನಾವು ಹೆಚ್ಚಾಗಿ ನೋಡುವುದು ಸ್ಟುಡಿಯೋದಲ್ಲಿ ತೆಗೆಸಿ ಹಾರ ಹಾಕಿದ ಸ್ಥಾಪಕರ ಫೋಟೋ. ಯಜಮಾನರ ಮುಖ ಉಳಿಯಿತು. ದೋಸೆ ಹುಯ್ಯುವವರು, ಲೋಟ ತೊಳೆಯುವ ಹುಡುಗ, ಸಾಲಾಗಿ ಕೂತ ಗಿರಾಕಿಗಳು ಉಳಿಯಲಿಲ್ಲ.

ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಹುಡುಕಿ ತೆಗೆದವರೂ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್ ಅಂಥವರಲ್ಲಿ ದೊಡ್ಡ ಹೆಸರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರ ಫೋಟೋಗಳಲ್ಲಿ ಮನುಷ್ಯರ ಜೊತೆಗೆ ಅವರ ಸುತ್ತಲಿನ ಜಾಗವೂ ಇರುತ್ತದೆ. ಆದರೆ ಒಂದೊಂದು ಬಡಾವಣೆಗೂ ಒಬ್ಬ ಸತ್ಯನ್ ಎಲ್ಲಿ ಸಿಗುತ್ತಾರೆ?

ಕಾರ್ಖಾನೆ ಬಂತು, ಹೋಟೆಲ್ ಬಂತು

ಈಗ ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಿ. 1949ರಲ್ಲಿ ರಾಜಾಜಿನಗರ ಶುರುವಾದದ್ದು ಕೈಗಾರಿಕಾ ಉಪನಗರವಾಗಿ. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ಇಲ್ಲಿಗೆ ಬಂತು. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದವರು ಚಿಕ್ಕ ಕೋಣೆಗಳಲ್ಲಿ ಸೇರಿ ಇದ್ದರು. ಶಿಫ್ಟಿಗೆ ಹೊರಡುವ ಮೊದಲು ಅವರಿಗೆ ತಿಂಡಿ ಬೇಕು. ಉಡುಪಿ ಹೋಟೆಲು, ಮುದ್ದೆ ಸಾರಿನ ಮಿಲಿಟರಿ ಹೋಟೆಲು, ಬೀದಿ ಬದಿಯ ಟೀ ಅಂಗಡಿ, ಎಲ್ಲ ಅವರನ್ನು ನಂಬಿ ನಡೆದವು. ಮುಂದೆ ವಿಜಯನಗರ, ಬಸವೇಶ್ವರನಗರ ಬೆಳೆದಂತೆ ಹೋಟೆಲೂ ಅತ್ತ ಸರಿಯಿತು.

ಆ ಕಾರ್ಮಿಕರು ಎಲ್ಲಿ ಕೂತು ತಿಂದರು? ಇಡ್ಲಿಗೆ ಎಷ್ಟು ಕೊಟ್ಟರು? ಸಂಬಳದವರೆಗೆ ಸಾಲ ಬರೆಸುವ ಪುಸ್ತಕ ಹೇಗಿತ್ತು? ಕೇಳಿದರೆ ವಯಸ್ಸಾದವರು ಬಾಯಲ್ಲಿ ಹೇಳುತ್ತಾರೆ. ಚಿತ್ರ ತೋರಿಸಿ ಎಂದರೆ ಇಲ್ಲ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಒರಾಯನ್ ಮಾಲ್ ಇದೆ. ಅದರ ಫುಡ್ ಕೋರ್ಟಿನಲ್ಲಿ ದಿನವೂ ಎಷ್ಟು ಫೋಟೋ ತೆಗೆಯುತ್ತಾರೋ ಲೆಕ್ಕವಿಲ್ಲ. ಅದೇ ನೆಲದಲ್ಲಿ ಬುತ್ತಿ ಬಿಚ್ಚಿ ಉಂಡವರ ಫೋಟೋ ಯಾರ ಹತ್ತಿರ ಇದೆ?

ಗೋಡೆ ಹೇಳುವ ಮಾತು

"ಹೋಟೆಲಿನ ಗೋಡೆಯಲ್ಲಿ ಏನಿದೆ ಬಿಡಿ, ರುಚಿ ಮುಖ್ಯ" ಎನ್ನಬಹುದು. ಆದರೆ ಗೋಡೆ, ಬೆಂಚು, ಲೋಟ ಇವುಗಳಲ್ಲೇ ನಮ್ಮ ಸಮಾಜದ ಚರಿತ್ರೆ ಇದೆ.

ಒಂದು ಕಾಲದಲ್ಲಿ ದಕ್ಷಿಣ ಭಾರತದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ ಇರುತ್ತಿತ್ತು. ದಲಿತರಿಗೆ ಒಳಗೆ ಬರಲೂ ಬಿಡುತ್ತಿರಲಿಲ್ಲ. ಹೋಟೆಲಿಗೆ ಹೋಗುವ ವಿಚಾರ ಸಂವಿಧಾನದಲ್ಲೇ ಬರೆಯಬೇಕಾಯಿತು ಎಂದರೆ ಯೋಚಿಸಿ. 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹೇಳಿಯೇ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. ಆದರೂ ಪ್ರತ್ಯೇಕ ಲೋಟದ ಕಥೆ ನಮ್ಮ ಹಳ್ಳಿಗಳ ಓದುಗರಿಗೆ ಹೊಸದಲ್ಲ. ಚಹಾದ ಫೋಟೋದಲ್ಲಿ ಆ ಲೋಟ ಕಾಣುವುದಿಲ್ಲ. ಮೂರು ಹೆಜ್ಜೆ ಹಿಂದೆ ಬಂದು ತೆಗೆದ ಫೋಟೋದಲ್ಲಿ ಕಾಣುತ್ತದೆ. ಯಾರು ಬೆಂಚಿನ ಮೇಲೆ, ಯಾರು ಹೊರಗೆ ಕಲ್ಲಿನ ಮೇಲೆ, ಯಾರು ತಮ್ಮ ಲೋಟ ತಾವೇ ತೊಳೆಯುತ್ತಿದ್ದಾರೆ ಎಂಬುದೂ ಕಾಣುತ್ತದೆ.

ಒಳ್ಳೆಯ ಬದಲಾವಣೆಯೂ ಹಾಗೆಯೇ ಕಾಣುತ್ತದೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಶುರುವಾಯಿತು. ಟೋಕನ್ ತಗೋ, ನಿಂತು ತಿನ್ನು, ಹೊರಡು ಎಂಬ ಆ ಪದ್ಧತಿ ಬೇಗ ಊರೆಲ್ಲ ಹಬ್ಬಿ ರಾಜಾಜಿನಗರ, ವಿಜಯನಗರದ ಬೀದಿಗಳಿಗೂ ಬಂತು. ಸೊಂಟದೆತ್ತರದ ಕಲ್ಲಿನ ಕಟ್ಟೆಯ ಸುತ್ತ ಆಟೋದವರು, ಬ್ಯಾಂಕಿನವರು, ಗಾರೆ ಕೆಲಸದವರು ಒಟ್ಟಿಗೆ ನಿಂತು ತಿನ್ನುತ್ತಾರೆ. ಪಕ್ಕದವನ ಜಾತಿ ಯಾರೂ ಕೇಳುವುದಿಲ್ಲ, ಕೇಳಲು ಪುರುಸೊತ್ತೂ ಇಲ್ಲ. ದರ್ಶಿನಿಯ ದೋಸೆಗಿಂತ ಆ ಕಟ್ಟೆಯೇ ದೊಡ್ಡ ಸುದ್ದಿ. ಆದರೆ ನಾವು ಫೋಟೋ ತೆಗೆಯುವುದು ದೋಸೆಯದ್ದು.

ಫೋನ್ ಬಂದ ಮೇಲೆ

ಫೋನಿನಲ್ಲಿ ರೋಲಿನ ಖರ್ಚಿಲ್ಲ. ಮಬ್ಬು ಬೆಳಕಿನಲ್ಲೂ ಚಿತ್ರ ಬರುತ್ತದೆ. ಹಾಗಿದ್ದರೆ ಜಾಗದ ಫೋಟೋ ಹೆಚ್ಚಬೇಕಿತ್ತು. ಆದದ್ದೇ ಬೇರೆ. 2008ರಲ್ಲಿ ಜೊಮ್ಯಾಟೊ ಶುರುವಾದಾಗ (ಆಗ ಅದರ ಹೆಸರು ಬೇರೆ) ಹಾಕುತ್ತಿದ್ದದ್ದು ಹೋಟೆಲುಗಳ ಮೆನು ಕಾರ್ಡಿನ ಪ್ರತಿ. ಆಮೇಲೆ ತಿಂಡಿಯ ಫೋಟೋ ಬಂತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ 2015ರವರೆಗೆ ಚೌಕಾಕಾರದ ಫೋಟೋ ಮಾತ್ರ ಒಪ್ಪುತ್ತಿತ್ತು. ಆ ಚೌಕಕ್ಕೆ ಗುಂಡು ತಟ್ಟೆ ಸರಿಯಾಗಿ ಕೂರುತ್ತದೆ, ಉದ್ದನೆಯ ಹೋಟೆಲು ಕೂರುವುದಿಲ್ಲ. ಮನೆಗೇ ಊಟ ತರಿಸುವ ಆ್ಯಪ್‌ಗಳಿಗಂತೂ ಜಾಗವೇ ಬೇಡ. ಕೆಂಗೇರಿಯಲ್ಲಿ ನಾವು ಮಾಡಿದ್ದೂ ಇದನ್ನೇ. ಯಾರೂ ಹೇಳಿಕೊಡದಿದ್ದರೂ ತಟ್ಟೆಗೆ ಹತ್ತಿರ ಹೋಗುವುದು ನಮ್ಮ ಕೈಗೆ ರೂಢಿಯಾಗಿತ್ತು.

ಇತ್ತ ಜಾಗಗಳು ಬೇಗ ಬದಲಾಗುತ್ತಿವೆ. ಮೆಟ್ರೋ 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಬಂತು. ಓಡಾಟ ಸುಲಭವಾಯಿತು, ಬಾಡಿಗೆಯೂ ಏರಿತು. ಟೋಕನ್ ಡಬ್ಬದ ಪಕ್ಕ ಕ್ಯುಆರ್ ಕೋಡ್ ಬಂತು. ಸುಣ್ಣ ಬಳಿದ ಗೋಡೆಯ "ರಾಜಕೀಯ ಮಾತನಾಡಬಾರದು" ಎಂಬ ಬೋರ್ಡು ಕೆಳಗಿಳಿಯಿತು. ಇಳಿಸುವ ಮೊದಲು ಅದರ ಒಂದು ಫೋಟೋ ತೆಗೆದಿಟ್ಟವರು ಎಷ್ಟು ಜನ?

ನಾವು ಈಗ ಮಾಡುವುದು

ಈಗ ಯಾವ ಹೋಟೆಲಿಗೆ ಹೋದರೂ ಮೊದಲು ಗಲ್ಲಾದವರನ್ನು ಕೇಳುತ್ತೇವೆ. ಬೇಡ ಎಂದರೆ ಬೇಡ. ಹೂಂ ಎಂದರೆ ಬೀದಿಯಿಂದ ಒಂದು, ಬೋರ್ಡು ಸಮೇತ. ಬಾಗಿಲಲ್ಲಿ ನಿಂತು ಒಳಗಿನದು ಒಂದು. ಬೆಲೆಪಟ್ಟಿಯದು ಒಂದು, ಯಾಕೆಂದರೆ ಹತ್ತು ವರ್ಷದ ಮೇಲೆ ಅದೇ ಚರಿತ್ರೆ. ಕೆಲಸದವರು ಒಪ್ಪಿದರೆ ಅವರದು. ಆಮೇಲೆ ತಿಂಡಿ. ಕಿಟಕಿ ಪಕ್ಕದ ಮೇಜು ಹಿಡಿಯುತ್ತೇವೆ, ಫ್ಲಾಶ್ ಹಾಕುವುದಿಲ್ಲ. ನೇರ ಮೇಲಿನಿಂದ ತೆಗೆಯದೆ, ಕೂತವನ ಕಣ್ಣಿನ ಮಟ್ಟದಿಂದ ತೆಗೆದರೆ ತಟ್ಟೆಯ ಹಿಂದೆ ಹೋಟೆಲೂ ಬರುತ್ತದೆ. ಗಿರಾಕಿಗಳ ಮುಖ, ಮಕ್ಕಳ ಮುಖ ಕೇಳದೆ ತೆಗೆಯುವುದಿಲ್ಲ. ಬಿಸಿ ಆರುವ ಮೊದಲು ತಿನ್ನುತ್ತೇವೆ, ಬೇರೆಯವರ ಜಾಗ ಹಿಡಿದು ಕೂರುವುದಿಲ್ಲ.

ಮನೆಗೆ ಬಂದು ಊರು, ತಾರೀಕು ಬರೆದಿಡುತ್ತೇವೆ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಹೋಟೆಲಿನವರಿಗೂ ಒಂದು ಪ್ರತಿ ಕೊಡುತ್ತೇವೆ. ಇದನ್ನು ಮಾತ್ರ ಮರೆಯುವುದಿಲ್ಲ.

ಇದಕ್ಕೆ ಬೆಂಗಳೂರಿಗೇ ಬರಬೇಕಿಲ್ಲ. ನಿಮ್ಮೂರ ಬಸ್ ಸ್ಟ್ಯಾಂಡಿನ ಹೋಟೆಲು, ಸಂತೆಯ ಬೋಂಡಾ ಅಂಗಡಿ, ಹಾಲಿನ ಡೈರಿ ಎದುರಿನ ಟೀ ಸ್ಟಾಲ್ ಇವೆಯಲ್ಲ. ನಾಳೆ ಬೆಳಗ್ಗೆ ಟೀ ಕುಡಿಯಲು ಹೋದಾಗ ಯಜಮಾನರನ್ನು ಕೇಳಿ, ಮೂರು ಹೆಜ್ಜೆ ಹಿಂದೆ ಬಂದು ಒಂದು ಫೋಟೋ ತೆಗೆಯಿರಿ. ಮುಂದೆ ಯಾರದೋ ಮಗ ಫೋನ್ ಮಾಡಿ ಕೇಳಿದಾಗ, ಅಂಗಿಯ ತೋಳು ಕಳಿಸುವ ಪರಿಸ್ಥಿತಿ ನಿಮಗೆ ಬರದಿರಲಿ.