ಮೆರುಗು ಎಂಬ ಮೂಲಧನ

ವರ್ಷಗಟ್ಟಲೆ ಬಿಸಿಲಲ್ಲಿ, ಧೂಳಿನಲ್ಲಿ, ಮರದ ಅಂಟು ಸುರಿಯುವ ಕಡೆ ನಿಂತಿದ್ದ ಹಳೆಯ ಕಾರೊಂದನ್ನು ಕೊಂಡವರು ಮೊದಲು ವಿಚಾರಿಸುವುದು ಎಂಜಿನ್ನನ್ನು; ಅದರ ನಂತರ ಮೈಬಣ್ಣವನ್ನು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರೆ ತರಿತರಿಯಾಗಿ ತಾಗುತ್ತದೆ. ಕೆಂಪು ಬಣ್ಣ ಮಾಸಿ ಮಂಕು ಗುಲಾಬಿಯಾಗಿರುತ್ತದೆ. ಇದನ್ನು ಮತ್ತೆ ಕನ್ನಡಿಯಂತೆ ಮಾಡಲಾದೀತೇ ಎಂದರೆ, ಬಹುಮಟ್ಟಿಗೆ ಆದೀತು. ಆದರೆ ಹೇಗೆ, ಎಷ್ಟು ಸಲ ಎಂಬ ಪ್ರಶ್ನೆಗಳಿಗೆ ಉತ್ತರ ಬಣ್ಣದ ಡಬ್ಬಿಯಲ್ಲಿಲ್ಲ, ಬಣ್ಣದ ಚರಿತ್ರೆಯಲ್ಲಿದೆ.

ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಗೀರು ಬಿದ್ದ ಮೈ ಅದನ್ನು ಹತ್ತು ದಿಕ್ಕಿಗೆ ಚದುರಿಸುತ್ತದೆ. ಮೆರುಗೆಂದು ನಾವು ಕರೆಯುವುದು ಇದನ್ನೇ. ಗೀರನ್ನು ಮೇಣದಿಂದ ತುಂಬಿ ಮರೆಮಾಡಬಹುದು. ಅದು ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ಗೀರು ನಿಜವಾಗಿ ಹೋಗಬೇಕಾದರೆ ಅದರ ಸುತ್ತಲಿನ ಬಣ್ಣವನ್ನು ಅದರ ತಳದ ಮಟ್ಟದವರೆಗೂ ಸವೆಸಬೇಕು. ಹೊಳಪು ಕೊಡುವುದೆಂದರೆ ಏನನ್ನೋ ಹಚ್ಚುವುದೆಂದು ಲೋಕ ತಿಳಿದಿದೆ. ವಾಸ್ತವವಾಗಿ ಅದು ತೆಗೆಯುವ ಕೆಲಸ. ತೆಗೆಯಲು ಮೊದಲು ಅಲ್ಲಿ ಏನಾದರೂ ಇರಬೇಕಷ್ಟೆ. ಬಣ್ಣದ ದಪ್ಪವೇ ಮೆರುಗಿನ ಮೂಲಧನ. ಆ ಧನ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂಬುದೇ ಈ ಚರಿತ್ರೆಯ ಸಾರ.

ಮೊದಲ ಕಾರುಗಳಿಗೆ ಬಣ್ಣ ಬಳಿದವರು ಕುದುರೆ ಸಾರೋಟಿನ ಬಣ್ಣಗಾರರು. ಅವರದು ಅಗಸೆಯೆಣ್ಣೆಯ ಬಣ್ಣ, ರಾಳದ ವಾರ್ನಿಷು. ಒಂದು ಲೇಪ ಹಚ್ಚಿ, ದಿನಗಟ್ಟಲೆ ಒಣಗಲು ಬಿಟ್ಟು, ಪ್ಯೂಮಿಸ್ ಕಲ್ಲಿನ ಪುಡಿಯಿಂದ ನೀರು ಹಾಕಿ ತೀಡಿ, ಮತ್ತೊಂದು ಲೇಪ ಹಚ್ಚುತ್ತಿದ್ದರು. ಒಂದು ವಾಹನ ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದವು. ಲೇಪಗಳು ಹಲವು, ದಪ್ಪವೂ ಸಾಕಷ್ಟು. ಆದರೆ ಬಿಸಿಲಿಗೆ ವಾರ್ನಿಷು ಹಳದಿಯಾಗಿ ಬಿರುಕು ಬಿಡುತ್ತಿದ್ದುದರಿಂದ ಅದನ್ನು ಆಗಾಗ ಹೊಸದಾಗಿ ಹಚ್ಚಿಸುವುದು ಒಡೆಯನ ವಾಡಿಕೆಯ ಖರ್ಚಾಗಿತ್ತು.

ಈ ಸಾವಧಾನವನ್ನು ಮುರಿದದ್ದು ಕಾರ್ಖಾನೆಯ ವೇಗ. 1913ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಗೆ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಸುಮಾರು 12 ಗಂಟೆ ಹಿಡಿಯುತ್ತಿದ್ದ ಷಾಸಿಯ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಒಂದೂವರೆ ಗಂಟೆಯಲ್ಲಿ ಹುಟ್ಟುವ ವಾಹನ ಬಣ್ಣ ಒಣಗಲೆಂದು ವಾರಗಟ್ಟಲೆ ಕಾಯುವಂತಿರಲಿಲ್ಲ. ಮೊದಲು ಹಲವು ಬಣ್ಣಗಳಲ್ಲಿ ದೊರೆಯುತ್ತಿದ್ದ ಮಾಡೆಲ್ ಟಿ ಕಾರು 1914ರಿಂದ ಹತ್ತು ವರ್ಷಕ್ಕೂ ಮೀರಿ ಕಪ್ಪು ಬಣ್ಣದಲ್ಲಷ್ಟೇ ಬಂದದ್ದು ಈ ಅವಸರದ ಕಾಲದಲ್ಲಿ. ಡಾಂಬರಿನ ಜಾತಿಯ ಆಸ್ಫಾಲ್ಟ್ ಬೆರೆತ, ಒಲೆಯಲ್ಲಿ ಕಾಯಿಸಿ ಗಟ್ಟಿಗೊಳಿಸುವ ಆ ಕಪ್ಪು ಅಗ್ಗವೂ ಹೌದು, ಬಾಳಿಕೆಯದೂ ಹೌದು. ಅದರ ಹೆಸರು ಜಪಾನ್ ಬ್ಲ್ಯಾಕ್. ಜಪಾನಿನ ಅರಗುಗೆಲಸವನ್ನು ಅನುಕರಿಸಲು ಯುರೋಪು ಕಂಡುಕೊಂಡ ಕಪ್ಪು ಮೆರುಗಿನ ವಂಶದ್ದು ಅದು.

ಮುಂದಿನ ತಿರುವು ಮದ್ದಿನ ಮನೆಯಿಂದ ಬಂತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ಸಿಡಿಮದ್ದಿಗೂ ಸಿನಿಮಾ ಫಿಲ್ಮಿಗೂ ಅದೇ ಮೂಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಡ್ಯುಪಾಂಟ್ ಕಂಪನಿ ಅದರಿಂದ ತೆಳುವಾಗಿ ಸಿಂಪಡಿಸಬಹುದಾದ ಬಣ್ಣವನ್ನು ರೂಪಿಸಿ ಡ್ಯೂಕೊ ಎಂದು ಹೆಸರಿಟ್ಟಿತು. ಜನರಲ್ ಮೋಟರ್ಸಿನ 1924ರ ಮಾದರಿಯ ಓಕ್ಲೆಂಡ್ ಕಾರು ಆ ಬಣ್ಣದ ನೀಲಿಯಲ್ಲಿ ಮಾರುಕಟ್ಟೆಗೆ ಬಂತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಬಣ್ಣಗಳ ವೈವಿಧ್ಯ ಮರಳಿತು. ಆ ಹೆಸರು ನಮ್ಮಲ್ಲಿ ಎಷ್ಟು ಬೇರೂರಿತೆಂದರೆ, ಯಾವ ಕಂಪನಿಯ ಡಬ್ಬಿಯಾದರೂ ಸರಿ, ಗ್ಯಾರೇಜಿನವರಿಗೂ ಬಡಗಿಗಳಿಗೂ ಅದು ಇಂದಿಗೂ ‘ಡ್ಯೂಕೊ ಪೇಂಟ್’.

ಈ ಬಗೆಯ ಬಣ್ಣವನ್ನು ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುತ್ತಾರೆ. ಆ ಪದದ ಬೇರು ನಮ್ಮ ‘ಲಾಕ್ಷಾ’, ಎಂದರೆ ಅರಗು. ಚನ್ನಪಟ್ಟಣದ ಗೊಂಬೆಗಾರರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಕಾವಿಗೇ ಅದನ್ನು ಕರಗಿಸಿ, ತಾಳೆಹೂವಿನ ಗರಿಯಿಂದ ತೀಡಿ ಮೆರುಗು ತರುವುದನ್ನು ನೋಡಿದವರಿಗೆ ಡ್ಯೂಕೊ ಅಪರಿಚಿತವೆನಿಸದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆಯ ಹೆಸರು ಕೂಡ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂದೇ ಇತ್ತು. ಚುನಾವಣೆಯ ಶಾಯಿಯಿಂದ ಅದು ಮುಂದೆ ದೇಶಕ್ಕೆಲ್ಲ ಪರಿಚಯವಾಯಿತು. ಹೊಸ ಲ್ಯಾಕರಿನಲ್ಲಿ ಅರಗು ಇರಲಿಲ್ಲ ನಿಜ. ಆದರೆ ಪಾಂಡವರ ಅರಗಿನ ಮನೆಯ ಗುಣವೊಂದು ಉಳಿದಿತ್ತು. ಕಿಡಿ ಸೋಕಿದರೆ ಅದು ಹೊತ್ತಿ ಉರಿಯುತ್ತಿತ್ತು.

ಡ್ಯೂಕೊ ಬೇಗ ಒಣಗುತ್ತಿತ್ತೇ ಹೊರತು ತಾನಾಗಿ ಹೊಳೆಯುತ್ತಿರಲಿಲ್ಲ. ಸಿಂಪಡಿಸಿದ ಮೈ ಮಂಕಾಗಿರುತ್ತಿತ್ತು. ಅದನ್ನು ಕೈಯಿಂದ ತೀಡಿ ಮೆರುಗು ತರಬೇಕಾಗಿತ್ತು. ಉಳಿಸಿದ ಸಮಯವನ್ನು ಮತ್ತೆ ಯಾರದೋ ತೋಳು ತೆರಬೇಕಾಯಿತು. ಅದಕ್ಕಿಂತ ಮಿಗಿಲಾಗಿ ಅವರ ಉಸಿರು. ಒಣ ಮರಳು ಕಾಗದದಿಂದ ಉಜ್ಜಿದಾಗ ಏಳುತ್ತಿದ್ದ ಬಣ್ಣದ ಧೂಳಿನಲ್ಲಿ ಸೀಸವೂ ಇರುತ್ತಿತ್ತು. ಫ್ರಾನ್ಸಿಸ್ ಓಕಿ ಎಂಬ ಶಾಯಿ ತಯಾರಕ ರೂಪಿಸಿದ, ನೀರಿನಲ್ಲಿ ನೆನೆಸಿ ಉಜ್ಜಬಹುದಾದ ಮರಳು ಕಾಗದವನ್ನು 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಾಗ ಅದನ್ನು ಬರಮಾಡಿಕೊಂಡವರಲ್ಲಿ ಮೊದಲಿಗರು ಕಾರಿನ ಬಣ್ಣಗಾರರು. ನಮ್ಮ ಗ್ಯಾರೇಜುಗಳ ‘ವಾಟರ್ ಪೇಪರ್’ ಅದರ ಸಂತತಿ. ಆ ಕಾಗದದ ಮಾದರಿಗಳನ್ನು ಪರೀಕ್ಷೆಗೆಂದು ಬಣ್ಣದ ಅಂಗಡಿಗಳಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ ಎಂಬ ಯುವಕ, ಎರಡು ಬಣ್ಣದ ಕಾರುಗಳಿಗೆ ಗಡಿಗೆರೆ ಎಳೆಯಲು ಕೆಲಸಗಾರರು ಪಡುತ್ತಿದ್ದ ಪಾಡನ್ನು ಕಂಡು, 1925ರಲ್ಲಿ ಮಾಸ್ಕಿಂಗ್ ಟೇಪನ್ನು ರೂಪಿಸಿದ. ಇಂದು ಎಲ್ಲ ಮನೆಗಳಲ್ಲಿರುವ ಈ ಎರಡು ವಸ್ತುಗಳ ಹಿಂದೆ ಹೆಸರಿಲ್ಲದ ಬಣ್ಣಗಾರರ ಕಷ್ಟವಿದೆ.

ನಮ್ಮ ದೇಶದ ಕಾರಿನ ಕತೆಯಲ್ಲಿ ಕನ್ನಡಿಗರೊಬ್ಬರ ಕನಸೂ ಸೇರಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ರೂಪಿಸಿ ಅದಕ್ಕಾಗಿ ಬಹಳ ಶ್ರಮಿಸಿದರು. ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. 1944ರಲ್ಲಿ ವಾಲಚಂದ್ ಹೀರಾಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿಂದ ಬಂದ ಪದ್ಮಿನಿ, ಬಂಗಾಳದ ಉತ್ತರಪಾಡಾದಿಂದ ಬಂದ ಅಂಬಾಸಡರ್ ನಮ್ಮ ಪೀಳಿಗೆಯ ಬಾಲ್ಯದ ಕಾರುಗಳು. ಅಂಥ ಹಳೆಯ ಕಾರುಗಳ ಮೇಲಿರುತ್ತಿದ್ದುದು ಬಣ್ಣವೂ ಹೊಳಪೂ ಒಂದೇ ಪದರಿನಲ್ಲಿ ಬೆರೆತ ಲೇಪ. ಬಿಸಿಲಿಗೆ ಅದರ ಮೇಲ್ಮೈ ಸುಣ್ಣದ ಹುಡಿಯಂತಾಗುತ್ತಿತ್ತು; ರಬ್ಬಿಂಗ್ ಕಾಂಪೌಂಡಿನಿಂದ ಆ ಹುಡಿಯನ್ನು ತೆಗೆದರೆ ಕೆಳಗೆ ತಾಜಾ ಬಣ್ಣ ಸಿಗುತ್ತಿತ್ತು. ತಪ್ಪಾದರೆ ಗಲ್ಲಿಯ ಪೇಂಟರನೇ ಸರಿಮಾಡುತ್ತಿದ್ದ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಅದೇ ವರ್ಷದ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೂ ನಿಂತಿತು. ವಾಹನಗಳೊಡನೆ ಆ ಬಣ್ಣವನ್ನು ಬಲ್ಲ ಕೈಗಳಿಗೂ ಕೆಲಸ ಕಡಿಮೆಯಾಗುತ್ತಿದೆ.

1980ರ ದಶಕದಿಂದೀಚೆಗೆ ವ್ಯಾಪಕವಾಗಿ ಹಬ್ಬಿದ ಪದ್ಧತಿ ಬೇರೆ. ತಳದಲ್ಲಿ ತುಕ್ಕುನಿರೋಧಕ, ಮೇಲೆ ಪ್ರೈಮರ್, ಅದರ ಮೇಲೆ ತೆಳುವಾದ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ನಾವು ಮುಟ್ಟುವುದೂ ಗೀರುವುದೂ ಈ ಕೊನೆಯ ಪದರನ್ನೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಒಂದು ಕೂದಲೆಳೆಗಿಂತಲೂ ಕಡಿಮೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ರಾಸಾಯನಿಕಗಳೂ ಅದರಲ್ಲೇ ಇವೆ. ಅದನ್ನು ಅತಿಯಾಗಿ ಸವೆಸಿದರೆ ಅಂದಿಗೆ ಹೊಳಪು ಬರುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಪದರು ಸುಲಿಯತೊಡಗುತ್ತದೆ. ಸುಲಿದ ಕ್ಲಿಯರ್ ಕೋಟನ್ನು ಯಾವ ಪಾಲಿಷೂ ಉಳಿಸದು. ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ಆದುದರಿಂದ ಹಳೆಯ ಕಾರಿನ ಮುಂದೆ ನಿಂತವರು ಮೊದಲು ಅದರ ಕಾಲವನ್ನು ಗುರುತಿಸಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಷ್ ಹಚ್ಚಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಅದು ಹಳೆಯ ಒಂದೇ ಪದರಿನ ಲೇಪ. ಅಂಟದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆಯೆಂದು ತಿಳಿಯಬಹುದು. ಚೆನ್ನಾಗಿ ತೊಳೆದ ಮೇಲೂ ಮೈ ತರಿತರಿಯಾಗಿದ್ದರೆ ಆ ತರಿ ಬಹುಪಾಲು ಬಣ್ಣದ್ದಲ್ಲ. ಮೇಲೆ ಕಚ್ಚಿಕೊಂಡ ಮರದ ಅಂಟು, ಕಬ್ಬಿಣದ ಕಣ, ಟಾರಿನ ಚುಕ್ಕೆಗಳದು. ಜಪಾನಿನಲ್ಲಿ ರೂಪುಗೊಂಡ ಜೇಡಿಯಂಥ ಮುದ್ದೆಯನ್ನು ಸೋಪಿನ ನೀರಿನೊಡನೆ ಮೃದುವಾಗಿ ಆಡಿಸಿದರೆ ಅವು ಬಿಟ್ಟುಬರುತ್ತವೆ. ಅರ್ಧ ನುಣುಪು ಅಲ್ಲೇ ಮರಳುತ್ತದೆ. ಮೂಲಧನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬಳಿಕ ಅತಿ ಸೌಮ್ಯವಾದ ಪಾಲಿಷ್. ಸಾಲದಿದ್ದರೆ ತುಸು ಒರಟಾದದ್ದು. 2000 ಅಥವಾ 3000 ನಂಬರಿನ ವಾಟರ್ ಪೇಪರ್ ಆಳವಾದ ಗೀರಿಗೆ ಮಾತ್ರ, ಅದೂ ಕೊನೆಯ ಉಪಾಯವಾಗಿ. ಅಂಚು, ಮಡಿಕೆಗಳಲ್ಲಿ ಪದರು ಬಹು ತೆಳು. ಅಲ್ಲಿ ಯಂತ್ರ ಆಡಿಸಬಾರದು. ಎಲ್ಲ ಮುಗಿದ ಮೇಲೆ ಮೇಣದ ಕಾಪು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪೂರ್ತಿ ಅಳಿಸುವ ಹಟ ಬೇಡ. ಅದರ ಅಂಚನ್ನು ಮೆದುವಾಗಿಸಿದರೆ ಸಾಕು.

ಮತ್ತೆ ಬಣ್ಣವನ್ನೇ ಹೊಡೆಸಬೇಕಾಗಿ ಬಂದರೆ ಇನ್ನೊಂದು ವಿಷಯ ನೆನಪಿರಲಿ. ಇಂದಿನ ಗಟ್ಟಿ ಕ್ಲಿಯರ್ ಕೋಟಿಗೆ ಬೆರೆಸುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸಿಂಪಡಿಸುವವನ ಶ್ವಾಸಕೋಶವನ್ನು ಅದು ಕೆಣಕಿ ಉಬ್ಬಸಕ್ಕೆ ಕಾರಣವಾಗಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗಲ್ಲಿಯಲ್ಲಿ ಗನ್ ಹಿಡಿದ ಹುಡುಗನಿಗೆ ಆ ಕರವಸ್ತ್ರ ರಕ್ಷಣೆಯಲ್ಲ. ಬೂತೂ ಸರಿಯಾದ ಉಸಿರು ಕವಚವೂ ಇರುವ ಕಡೆ ಕೆಲಸ ಮಾಡಿಸಿದರೆ ಕೆಲವು ಸಾವಿರ ರೂಪಾಯಿ ಹೆಚ್ಚು ಬೀಳಬಹುದು. ಸೀಸದ ಧೂಳಿನ ಕಾಲದಿಂದಲೂ ಕಾರಿನ ನುಣುಪಿನ ಬೆಲೆಯಲ್ಲಿ ಒಂದು ಪಾಲನ್ನು ಕಾರು ಇಲ್ಲದವರೇ ತೆರುತ್ತ ಬಂದಿದ್ದಾರೆ. ಆ ಪಾಲನ್ನು ಕಾರುಳ್ಳವರು ತೆರುವುದು ನ್ಯಾಯ.